ವಟ್ರಸುಳಿ

ಗುತ್ತಲು ರಸ್ತೆಯ ನಮ್ಮ ಪ್ರೆಸ್ಸಿನಲ್ಲಿ
ನವೆಂಬರ್ ಬಂತೆಂದರೆ ನನ್ನ ಬೆರಳಿಗೆ ಒಂದೇ ಪದ:
ಪುರಸ್ಕೃತ.
ಬ್ಯಾನರಿಗೆ, ಕರಪತ್ರಕ್ಕೆ,
ತಿಥಿಯ ಕಾರ್ಡಿಗೂ ಹಾಕಿಸುತ್ತಾರೆ.
ಅರ್ಧ ಜನ ವಟ್ರಸುಳಿ ಬಿಟ್ಟು ರಾವೊತ್ತು ಬರೆದು ತರುತ್ತಾರೆ,
ತಿದ್ದುತ್ತೇನೆ. ಅದಕ್ಕೆ ಕಾಸು ಕೇಳುವುದಿಲ್ಲ.

ಒಮ್ಮೆ ಬೆರಳು ಜಾರಿ
ಒಬ್ಬ ಗುತ್ತಿಗೆದಾರರನ್ನು ತಿರಸ್ಕೃತ ಮಾಡಿಬಿಟ್ಟಿದ್ದೆ.
ಒಂದೇ ಅಕ್ಷರ.
ಸಂಜಯ ಸರ್ಕಲ್ಲಿನಲ್ಲಿ ವಾರವಿಡೀ ಹಾರಾಡಿತು ಬ್ಯಾನರು.
ಯಾರೂ ಓದಲಿಲ್ಲ,
ಅವರೂ.

ಈ ಸಲ ಬಂದವರು ನೀರುಗಂಟಿ ಚಿಕ್ಕಂಕಯ್ಯ,
ಮಗಳ ಲಗ್ನಪತ್ರಿಕೆಗೆ.
ಜೊತೆಗಿದ್ದ ಭಾವಮೈದ ಹೇಳಿದ:
"ತಾಲ್ಲೂಕು ಪ್ರಶಸ್ತಿ ಪುರಸ್ಕೃತ ಅಂತ
ಹೆಸರ ಮುಂದೆ ದಪ್ಪಕ್ಕೆ ಹಾಕಿ ಮೇಡಂ."
ಮಾನಿಟರಿಗೆ ಬಗ್ಗಿ ನೋಡಿದರು ಚಿಕ್ಕಂಕಯ್ಯ,
ತೂಬಿನೊಳಕ್ಕೆ ನೋಡುವ ಹಾಗೆ.
"ಹಂಗಂದ್ರೆ ಏನವ್ವ?"

ಪುರಸ್ ಅಂದರೆ ಮುಂದೆ, ಕೃತ ಅಂದರೆ ಮಾಡಿದ್ದು,
ನಾಲ್ಕು ಜನ ಸೇರಿ ಮುಂದಕ್ಕೆ ತಂದು ನಿಲ್ಲಿಸಿದ ಆಳು, ಅಂದೆ.

ನಕ್ಕರು. ಎದೆಯಲ್ಲಿ ಬೀಡಿಯ ಕೆಮ್ಮು.
"ಮೂರ್ನೇ ಸಾಲಲ್ಲಿ ಕೂರ್ಸಿದ್ರು ಕಣವ್ವ.
ನನ್ ಸರದಿ ಬರೋ ಹೊತ್ಗೆ ಶಾಲು ಮುಗ್ದೋಗಿತ್ತು,
ಪಕ್ಕದೋನ್ದು ಬಿಚ್ಚಿ ನನಗೊದಿಸಿ ಫೋಟೋ ಹಿಡುದ್ರು.
ಮೂವತ್ತೊರ್ಸ ನಾ ತೂಬು ಎತ್ತಿದ್ದು
ಕೊನೇ ಗದ್ದೆ ನೆನೀಲಿ ಅಂತ.
ಮುಂದ್ಲೋರ್ಗೆ ನೀರುಗಂಟಿ ಯಾಕೆ?
ಅಲ್ಗೆ ನೀರೇ ನುಗ್ತದೆ.
ತಗುದ್ಬುಡವ್ವ ಅದ್ನ."

"ಬೀಗರ ಮುಂದೆ ಬೆಲೆ ಬ್ಯಾಡ್ವಾ?" ಭಾವಮೈದ ರೇಗಿದ.
ಟೀ ಬಂತು. ಟೀ ಆರಿತು.
ಕೊನೆಗೆ ರಾಜಿ:
ಬೀಗರ ಕಡೆಗೆ ಪದ ಇರುವ ಮುನ್ನೂರು,
ನಾಲೆ ಬಯಲಿನವರಿಗೆ
ಇಲ್ಲದ ನಲವತ್ತು.

ಎರಡು ಫೈಲು ಮಾಡಿದೆ.
ವಿಶೇಷಣ ನಾಮಪದದ ಮುಂದೆ ನಿಲ್ಲುತ್ತದೆ ಮಕ್ಕಳೇ,
ಎನ್ನುತ್ತಿದ್ದರು ಶಾಲೆಯಲ್ಲಿ.
ನಿಂತಿತು, ದಪ್ಪಗೆ, ಕೆಂಪಗೆ,
ಚಿಕ್ಕಂಕಯ್ಯ ಕೆಳಗಿನ ಸಾಲಿಗೆ ಜಾರಿದರು.
ಅಳಿಸಿದ ಫೈಲಿನಲ್ಲಿ ಮಾತ್ರ
ಹೆಂಡತಿ ಸಾಕಮ್ಮನ ಪಕ್ಕ, ಅದೇ ಬದುವಿನಲ್ಲಿ ಇದ್ದರು.

ಅಡ್ವಾನ್ಸು ಐನೂರು ಎಣಿಸಿಕೊಟ್ಟು
ಮೆಟ್ಟಿಲಿಳಿದವರು ತಿರುಗಿ ಬಂದು ಕೇಳಿದರು:
"ಕೊನೇ ಕಾರ್ಡ್ಗೂ ಮಸಿ
ಸಮ್ಕೆ ಹತ್ತುತದಾ ಅವ್ವ?"