ಎರಡು ಮುಳ್ಳು

ಖಾರೇವಾಡ್ಯಾಗ ಕರೆಂಟು ಹೋಗಿ ತಾಸಾತು.
ಮೇ ತಿಂಗಳ ರಾತ್ರಿ. ವಾಸ್ಕೋದ ಹಡಗುಗಳಿಗೂ ಗಾಳಿ ಇಲ್ಲ.
ಕಾರ್ಮೆಲಿನ್ ಬಾಯಿ ಫ್ರೀಜರಿನ ಮುಚ್ಚಳದ ಮ್ಯಾಲೆ
ಎರಡು ಗೋಣಿಚೀಲ ಹಾಸಿ, ಅವುಗಳ ಮ್ಯಾಲೆ ತಾನೂ ಕುಂತಾಳ,
ತೆಗೀಬ್ಯಾಡ ಅಂತ ನಾ ಹೇಳಿದ್ದಕ್ಕ.
ಒಳಗ ನಲವತ್ತು ಕಿಲೋ ಇಸ್ವಾಣ.
ನಾಡಿದ್ದು ಯಾರದೋ ಲಗ್ನ;
ಮುಂಗಡದ ರೊಕ್ಕ ಮಗಳ ನರ್ಸಿಂಗ್ ಫೀಜಿಗೆ ಹೋಗೇತಿ.

ನಾ ಬಂದಿದ್ದು ಬ್ಯಾರೆ ಕೆಲಸಕ್ಕ.
"ಗ್ಯಾಸ್ ಹೋಗೇತಿ, ತುಂಬು" ಅಂದಿದ್ಲು ಫೋನಿನಾಗ.
ಎಲ್ಲಾರೂ ಹಂಗ ಅಂತಾರ. ಥಂಡಿ ಕಮ್ಮಿ ಆದ್ರ ಗ್ಯಾಸು,
ಸಪ್ಪಳ ಬಂದ್ರ ಗ್ಯಾಸು,
ಬಿಲ್ಲು ಹೆಚ್ಚಿಗಿ ಬಂದ್ರೂ ಗ್ಯಾಸು.

ಗೇಜು ಹಚ್ಚಿದೆ.
ನೀಲಿಯೊಳಗ ಇಪ್ಪತ್ತೆರಡು, ಕೆಂಪಿನೊಳಗ ಮುನ್ನೂರಾ ಐವತ್ತು.
ಗ್ಯಾಸು ಕಳಕೊಂಡವರ ಲೆಕ್ಕ ಹಿಂಗಿರೂದಿಲ್ಲ ಬಾಯಿ,
ಇದು ಉಸಿರು ಕಟ್ಟಿದವರ ಲೆಕ್ಕ.
ಹಿಂದಿನ ಜಾಳಿಗಿ ಬಿಚ್ಚಿದ್ರ
ಮೀನಿನ ಹುರುಪಿ, ಬೆಕ್ಕಿನ ಕೂದಲ, ಎರಡು ವರ್ಷದ ಧೂಳು
ಕಂಬಳಿಯಂಗ ಒಂದ ಸಲ ಕೈಗೆ ಬಂತು.
ಹಲ್ಲುಜ್ಜೋ ಬ್ರಷ್ಷು, ಸಾಬೂನಿನ ನೀರು, ಅರ್ಧ ತಾಸು.
ಕೆಂಪು ಮುಳ್ಳು ಇಳೀತು: ಮುನ್ನೂರಾ ಹತ್ತು. ಇನ್ನೂರಾ ತೊಂಬತ್ತು.
ನೀಲಿ ಹದಿನೈದಕ್ಕ ಬಂದು ನೆಟ್ಟಗ ಕುಂತಿತು.
ಪೈಪು ಬಿಚ್ಚಬೇಕು ಅನ್ನೂದರಾಗ
ಓಣಿ ಪೂರಾ ಕತ್ತಲಿ.

ಈ ಗೇಜು ಮಿಂಗೆಲ್ ಮೇಸ್ತ್ರಿದು.
ಹದಿನಾರರ ಹುಡುಗ ಇದ್ದೆ, ಅಂವಗ ಕನ್ನಡ ಬರ್ತಿರಲಿಲ್ಲ,
ನನಗ ಕೊಂಕಣಿ; ನಮ್ಮಿಬ್ಬರ ಭಾಷಾ ಅಂದ್ರ ಅಂಕಿ.
ಆಮ್ಯಾಗ, ಮಾತು ತಿಳಿಯಾಕ ಹತ್ತಿದ ಮ್ಯಾಲೆ, ಒಂದಿನ ಅಂದ:
ಥಂಡಿ ಅಂಬೋ ವಸ್ತುನ ಇಲ್ಲೋ,
ಇರೂದು ಬಿಸಿ ಒಂದ.
ಒಳಗಿಂದ ಹೊತ್ತು ಹೊರಗ ಇಳಸವ್ರು,
ಹಮಾಲರು ನಾವು.
ಅವನ ಕೈಯಿಂದ ಒಮ್ಮೆ ಬಿದ್ದದ್ದಕ್ಕ
ಕೆಂಪು ಗೇಜು ಸೊನ್ನಿಗೆ ಬರೂದಿಲ್ಲ,
ಖಾಲಿ ಇದ್ರೂ ಐದರ ಮ್ಯಾಲೆ ನಿಂತಿರತೈತಿ.
ತಿದ್ದಾಕ ಒಂದು ಸ್ಕ್ರೂ ಐತಿ. ನಾ ತಿದ್ದಿಲ್ಲ.
ಅಂವ ಹೋಗಿ ಒಂಬತ್ತು ವರ್ಷ, ಐದು ಕಳದು ಓದತೀನಿ.

ಮೊಬೈಲಿನ ಬೆಳಕು ಹಿಡದು ನೋಡಿದ್ರ
ಕೆಂಪು ಇಳದೈತಿ, ನೀಲಿ ಏರೇತಿ,
ಮೂವತ್ತರ ಹತ್ತರ ಎರಡೂ ಕೂಡ್ಯಾವ.
ದುಡಿಮಿ ನಿಂತ್ರ ಮ್ಯಾಲೆ ಕೆಳಗ ಅಂತ ಏನೂ ಉಳಿಯೂದಿಲ್ಲ.
ಮೂವತ್ತು ಅಂದ್ರ ಒಳಗಿನ್ನೂ ಸೊನ್ನಿಗಿಂತ ಇಪ್ಪತ್ತು ಕೆಳಗ;
ಮುಚ್ಚಳ ತೆಗೀದನ ಮೀನಿನ ಹಣಿ ಮುಟ್ಟಿ
ಜ್ವರ ನೋಡಿದಂಗ.

"ಎಷ್ಟು?" ಅಂತಾಳ ಬಾಯಿ, ಹತ್ತು ನಿಮಿಷಕ್ಕೊಮ್ಮೆ.
ಮೂವತ್ತೊಂದು.
"ಎಷ್ಟಾದ್ರ ಹೆದರಬೇಕು?"
ಐವತ್ತು, ಅಂದೆ.
ಅರವತ್ತು ಅಂದ್ರೂ ನಡೀತಿತ್ತು,
ಆದ್ರ ಹೆದರಿಕಿಗೂ ಒಂದೀಟು ಜಾಗಾ ಬಿಡಬೇಕು.
ಮೂವತ್ತನಾಲ್ಕು.
ಕೊಂಕಣಿಯಾಗೂ ಅದ ಮಾತು, ಕಾಂಟೊ:
ಮೀನಿಂದೂ ಕಾಂಟೊ, ಗಡಿಯಾರದ್ದೂ ಕಾಂಟೊ.
"ನಲವತ್ತು ವರ್ಷ ಮುಳ್ಳು ತಗದೀನಿ," ಅಂದ್ಲು ಕತ್ತಲದಾಗ,
"ಮುಳ್ಳಿನ ದಾರಿ ಕಾಯೂದು ಇದ ಮೊದಲ."

ಮೂವತ್ತೊಂಬತ್ತಕ್ಕ ಕರೆಂಟು ಬಂತು.
ಮಷಿನ್ ಒಮ್ಮೆ ನಡುಗಿ, ಕೆಮ್ಮಿ, ಹಿಡೀತು.
ಮುಳ್ಳುಗಳು ಅಗಲಿದವು,
ಒಂದು ಮ್ಯಾಲೆ, ಒಂದು ಕೆಳಗ, ತಮ್ಮ ತಮ್ಮ ಕೆಲಸಕ್ಕ.
ಜಾಳಿಗಿಂದ ಬಿಸಿ ಗಾಳಿ ಓಣಿಗೆ ಹೊಂಟಿತು;
ಅಲ್ಲಿ ಮಲಗಿದ್ದ ನಾಯಿ ಎದ್ದು, ನನ್ನ ಮುಖ ನೋಡಿ,
ನಾಲ್ಕು ಹೆಜ್ಜಿ ಆಚೆ ಹೋಗಿ ಮಲಗಿತು.
ಪೈಪು ಬಿಚ್ಚಿದೆ. ನೀಲಿ ಸೊನ್ನಿ. ಕೆಂಪು ಐದು.
ಗೇಜು ಚೀಲಕ್ಕ ಹಾಕಿದ್ರೂ
ಬಾಯಿ ಮುಚ್ಚಳದ ಮ್ಯಾಲಿಂದ ಇಳೀಲಿಲ್ಲ.
"ಈಗ ಎಷ್ಟು?" ಅಂದ್ಲು.