ಒಂಬತ್ತೂವರೆ ತಾಸು

ಗಾಜು ಒಡೆದ ವಾಚು ಕೊಟ್ಟು
ಪಶುವೈದ್ಯ ಕಾಲೇಜಿನ ಹುಡುಗ ಅಂದ:
“ಟೈಮ್ ಮುಟ್ಟಬ್ಯಾಡ್ರಿ ಚಾಚಾ,
ಅದು ಪೋರ್ಟ್ ಆಫ್ ಸ್ಪೇನಿಂದು. ಅಮ್ಮಂದು.”

ಗಾಜು ಕೂಡಿಸಿಟ್ಟೆ. ಹುಡುಗ ತಿರುಗಿ ಬರಲಿಲ್ಲ.

ಎರಡು ಸಲ ಸೆಲ್ ಸತ್ತು ಮುಳ್ಳು ನಿಂತಾಗ
ಮುಟ್ಟದೆ ಹ್ಯಾಂಗ?
ಒಂಬತ್ತು ತಾಸು ಬೆರಳಿನ್ಯಾಗ ಹಿಂದಕ್ಕ ಎಣಿಸಿದೆ,
ಮ್ಯಾಲಿನ ಅರ್ಧಾ ತಾಸಿಗೆ
ಹತ್ತನೇ ಬೆರಳು ಮಡಚಿ ಹಿಡಿದೆ.

ಚೌಬಾರದ ಬಾಜೂಕ ಮುಂಜಾನೆ ಹತ್ತಕ್ಕ
ಅಂಗಡಿ ತೆಗಿಯೋ ಹೊತ್ತು
ಆ ವಾಚಿನ್ಯಾಗ ನಡುರಾತ್ರಿ ದಾಟಿರ್ತದ.
“ಷಟರ್ ಮೆಲ್ಲಗ ಎತ್ತೋ ಮುಬೀನ್,
ಅಕಿ ಮಲಗ್ಯಾಳ.”
ಅವ ನಗತಾನ. ಆದರ ಮೆಲ್ಲಗೇ ಎತ್ತತಾನ.

ರಾತ್ರಿ ಒಂಬತ್ತೂವರಿಗೆ ಧಡಲ್ ಅಂತ ಎಳೀತೀವಿ.
ಅಲ್ಲಿ ಮಟಮಟ ಮಧ್ಯಾಹ್ನ,
ಯಾರಿಗೂ ತ್ರಾಸಿಲ್ಲ.