ಹಡಗಿನ ಕಿಟಕಿ

ಅಕ್ಕನ ಹೆಸರು ಉಲ್ಬೋಸಿನ್.
ನಮ್ಮ ಕರಕಲ್ಪಾಕ್ ಮಾತಿನಲ್ಲಿ ‘ಗಂಡಾಗಲಿ’ ಅಂತ ಅರ್ಥ.
ಸಾಲಾಗಿ ಮೂರು ಹೆಣ್ಣು ಹುಟ್ಟಿದ ಮನೆಯ ಹರಕೆ ಅದು.
ಅವಳ ಬೆನ್ನಿಗೆ ನಾನು ಹುಟ್ಟಿದೆ, ಹರಕೆ ತೀರಿತು.
ಹೆಸರು ಮಾತ್ರ ಅವಳ ಮೈಮೇಲೇ ಉಳಿಯಿತು,
ಯಾರದೋ ಆಸೆಯ ಅಳತೆಗೆ ಹೊಲಿದ ಅಂಗಿ.

ಮುಯ್ನಾಕಿನಲ್ಲಿ ಈಗ ಸಮುದ್ರವಿಲ್ಲ.
ಹಡಗುಗಳಿವೆ, ಮರಳ ಮೇಲೆ,
ಮಾತು ಬಿಟ್ಟ ದಾಯಾದಿಗಳ ಹಾಗೆ
ಒಂದಕ್ಕೊಂದು ಬೆನ್ನು ಹಾಕಿ.
ಮೀನಿನ ಕಾರ್ಖಾನೆಯಲ್ಲಿ ಡಬ್ಬಿಗಳಿಗೆ
ಹನ್ನೊಂದು ವರ್ಷ ಮುಚ್ಚಳ ಒತ್ತಿದ ಅಕ್ಕ
ಕಾರ್ಖಾನೆಗೇ ಮುಚ್ಚಳ ಬಿದ್ದ ಮೇಲೆ ಒಂದು ದಿನ
ಚಹಾಪುಡಿ ಕಟ್ಟಿಕೊಟ್ಟ ಹರಕು ಪತ್ರಿಕೆ ಓದುತ್ತಾ
“ತಮ್ಮಾ, ಹಡಗಿನ ಕಿಟಕಿಗಾಜು ಎರಡು ತಂದುಕೊಡು” ಎಂದಳು.
ತಂದುಕೊಟ್ಟೆ. ಎರಡು ಬೆರಳು ದಪ್ಪ, ರೊಟ್ಟಿಯಗಲ.
ಹಡಗಿನ ಕಬ್ಬಿಣವನ್ನೇ ಕದ್ದು ಮಾರುವವನಿಗೆ
ಗಾಜು ಯಾವ ಲೆಕ್ಕ?

ಎಣ್ಣೆ ಪೀಪಾಯಿಯ ಮೇಲೆ ಒಂದು ಗಾಜು,
ಅದರ ಮೇಲೆ ಇನ್ನೊಂದು,
ನಡುವೆ ಉಜ್ಜುಪುಡಿ, ಒಂದು ಹನಿ ನೀರು.
ತಳ್ಳು. ಎಳೆ. ಒಂದು ಹೆಜ್ಜೆ ಸರಿ.
ತಳ್ಳು. ಎಳೆ. ಒಂದು ಹೆಜ್ಜೆ ಸರಿ.
ಚಳಿಗಾಲವಿಡೀ ಹಿತ್ತಲಲ್ಲಿ ಕರಕರ ಸದ್ದು,
ಕಣ್ಣುಪಟ್ಟಿ ಕಟ್ಟದ ಗಾಣದೆತ್ತು ಅಕ್ಕ.
ಮೇಲಿನ ಗಾಜು ಕುಳಿಯುತ್ತದಂತೆ,
ಕೆಳಗಿನದು ಉಬ್ಬುತ್ತದಂತೆ, ತಾನೇ ತಾನಾಗಿ.
“ಎಷ್ಟು ಕುಳಿದಿದೆ?” ಎಂದರೆ
“ಎರಡು ನಾಣ್ಯದ ದಪ್ಪ.”
ಅಷ್ಟಕ್ಕೆ ನಾಲ್ಕು ತಿಂಗಳು!

ಗೋಡೆಯಾಚೆಯಿಂದ ಪೆರ್ದೆಗುಲ್ ನಕ್ಕಳು.
ನಾನೂ ನಕ್ಕೆ, ಸುಳ್ಳೇಕೆ ಹೇಳಲಿ.
ಅಕ್ಕ ಕೈ ನಿಲ್ಲಿಸದೆ ಅಂದಳು:
“ನಿನ್ನ ಮಗನಿಗೆ ಇಲ್ಲಿ ಸಮುದ್ರವಿತ್ತು ಅಂತೀಯಲ್ಲ,
ಅವನು ಕಂಡಿದ್ದಾನೇನು? ಆದರೂ
ಮರಳಲ್ಲಿ ಕೂತು ಗಾಳ ಹಾಕುತ್ತಾನೆ.
ಅವನನ್ನು ನೋಡಿ ಯಾರೂ ನಗುವುದಿಲ್ಲ.
ನಾನೂ ಅಷ್ಟೇ,
ಗಾಳ ಸ್ವಲ್ಪ ಮೇಲಕ್ಕೆ ಹಾಕಿದ್ದೇನೆ.”

ಮಾರ್ಚಿನಲ್ಲಿ ಉಪ್ಪುಗಾಳಿ ಎದ್ದಿತು.
ಎಲ್ಲಿಂದಲೋ ಬಂದ ಒಂದೇ ಒಂದು ಕಾಳು
ಗಾಜುಗಳ ನಡುವೆ ಹೊಕ್ಕು
ಈ ಅಂಚಿಂದ ಆ ಅಂಚಿಗೆ ಗೀರು ಎಳೆಯಿತು,
ಸತ್ತ ಸಮುದ್ರದ ಉಗುರು.
ಮತ್ತೆ ದಪ್ಪ ಪುಡಿಯಿಂದ ಶುರು ಮಾಡಬೇಕು.
ಆ ರಾತ್ರಿ ಅಕ್ಕ ಉಣ್ಣಲಿಲ್ಲ.
“ನನ್ನ ಕೈಲಾಗೋದಿಲ್ಲ ಕಣೋ” ಎಂದಳು,
ಗಾಜಿಗೆ ಕಂಬಳಿ ಹೊದಿಸಿ ಮಲಗಿದಳು.
ಧೈರ್ಯ ಹೇಳೋಣವೆಂದರೆ ನನಗೆ ಮಾತು ಬರಲಿಲ್ಲ,
ನನಗೆ ನಂಬಿಕೆಯೇ ಇರಲಿಲ್ಲವಲ್ಲ.

ಬೆಳಗಿನ ಜಾವ ಎಚ್ಚರವಾಯಿತು.
ಕರಕರ.
ಎದ್ದು ನೋಡಿದರೆ ಪೀಪಾಯಿಯ ಸುತ್ತ
ನೆಲದಲ್ಲಿ ಅವಳ ಹೆಜ್ಜೆಯೇ ತೋಡಿದ ಬಳೆಯಾಕಾರದ ಹಳ್ಳ,
ಅದರೊಳಗೇ ನಡೆಯುತ್ತಿದ್ದಳು.
ಆತ್ಮವಿಶ್ವಾಸ ಅಂತ ಮೇಷ್ಟ್ರು ಶಾಲೆಯಲ್ಲಿ ಬರೆಸುತ್ತಿದ್ದರು.
ನಾನು ಕಂಡದ್ದು ಮೊದಲು ಅಲ್ಲಿ,
ಪಾದದಷ್ಟು ಅಗಲ, ಮೊಣಗಂಟಿಗಿಂತ ಕಡಿಮೆ ಆಳ.

ಕೊನೆಯ ಹೊಳಪಿಗೆ ಕೆಂಪು ಪುಡಿ ಬೇಕಿತ್ತು.
ಅದೂ ತುಕ್ಕೇ ಅಂತೆ! ನಮ್ಮೂರಲ್ಲಿ ತುಕ್ಕಿಗೆ ಬರವೇ?
ಬೆಳ್ಳಿಗೆ ಅವ್ವ ಬಿಟ್ಟುಹೋದ ಓಲೆಗಳಿದ್ದವು.
ಅಲ್ಲಾಮುರಾತ್ ಮೇಷ್ಟ್ರು ರಸಾಯನದ ಬುರುಡೆಯಲ್ಲಿ ಕರಗಿಸಿ
ಗಾಜಿನ ಕುಳಿಗೆ ಸುರಿದರು.
ನೀರು ಕಪ್ಪಾಯಿತು, ಕೆಸರಾಯಿತು,
ಕೆಟ್ಟಿತು ಅಂದುಕೊಂಡೆವು.
ಅಕ್ಕ ತೊಳೆದಳು.
ಅವಳ ಮುಖ ತಲೆಕೆಳಗಾಗಿ ಅದರಲ್ಲಿ ತೇಲಿತು.

ತಗಡಿನ ಕೊಳವೆಗೆ ಕೂರಿಸಿ, ಅತ್ತಿತ್ತ ತಿರುಗಿಸಿ,
“ಬಾ” ಎಂದಳು. ಹೋದೆ.
ಏನೂ ಕಾಣಲಿಲ್ಲ.
“ಮುಚ್ಚಿರೋ ಕಣ್ಣಲ್ಲಿ ನೋಡ್ತಿದ್ದೀಯ, ದಡ್ಡ.”
ಕಣ್ಣು ಬದಲಿಸಿದೆ.
ಶನಿ. ಕತ್ತಲ ಕಿವಿಯಲ್ಲಿ ಒಂಟಿ ಓಲೆ.
ಅವ್ವನದು, ಅಂದುಕೊಂಡೆ. ಹೇಳಲಿಲ್ಲ.
ಎಷ್ಟೋ ಹೊತ್ತು ಹಾಗೇ ಬಗ್ಗಿ ನಿಂತಿದ್ದೆ,
ಹಿಂದೆ ಪೆರ್ದೆಗುಲ್, ಅವಳ ಮಗ,
ಇಡೀ ಓಣಿ ಸಾಲಾಗಿ.

ಎಲ್ಲರೂ ನೋಡಿ ಮುಗಿಸಿದ ಮೇಲೆ
ಅಕ್ಕ ಮತ್ತೊಮ್ಮೆ ಕಣ್ಣಿಟ್ಟಳು, ಹುಬ್ಬು ಗಂಟಿಕ್ಕಿದಳು.
“ಅಂಚು ಒಂಚೂರು ಇಳಿದಿದೆ. ಉಂಗುರ ಮಸುಕು.
ನಾಳೆ ಇನ್ನೆರಡು ಕಿಟಕಿ ತಾ.
ಈ ಸಲ ದೊಡ್ಡ ಹಡಗಿನದು.”